ಗಣಕಯಂತ್ರದ ಫೋಲ್ಡರುಗಳ ಒಡೆತನ: ವರ್ತಕರು ಗಮನಿಸಬೇಕಾದ ಅಂಶಗಳು

ಹಳೆಯ ಬಿಲ್ಲಿಂಗ್ ತಂತ್ರಾಂಶವು ಹೊಸ ಗಣಕಯಂತ್ರದಲ್ಲಿ ‘ಆಕ್ಸೆಸ್ ಡಿನೈಡ್’ ಎಂದು ನಿಂತಾಗ, ದುರಸ್ತಿಗೆ ಬಂದವರು ಅನುಸರಿಸುವ ಸುಲಭೋಪಾಯವೊಂದಿದೆ. ಸಿ ಡ್ರೈವ್‌ನ ಒಡೆತನವನ್ನೇ ಬದಲಿಸಿ, ‘ಎವ್ರಿಒನ್’ ಹೆಸರಿಗೆ ‘ಫುಲ್ ಕಂಟ್ರೋಲ್’ ನೀಡುವುದು. ಬಿಲ್ಲು ಮುದ್ರಣವಾಗುತ್ತದೆ, ಎಲ್ಲರಿಗೂ ಸಮಾಧಾನ. ಬೀಗ ತೆರೆಯದಿದ್ದಾಗ ಅಂಗಡಿಯ ಬಾಗಿಲನ್ನೇ ಕಿತ್ತಿಟ್ಟಂತಹ ಪರಿಹಾರವಿದು.

ವಿಂಡೋಸ್‌ನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನೂ, ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಅನುಮತಿ ಪಟ್ಟಿಯೂ ಇರುತ್ತವೆ. ಒಡೆಯನಿಗೆ ಪಟ್ಟಿಯನ್ನು ಬದಲಿಸುವ ಹಕ್ಕುಂಟು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಿಂದೀಚೆಗೆ ವಿಂಡೋಸ್‌ನ ಮೂಲ ಕಡತಗಳ ಒಡೆತನ ‘ಟ್ರಸ್ಟೆಡ್‌ಇನ್‌ಸ್ಟಾಲರ್’ ಎಂಬ ಸೇವೆಗೆ ಸೇರಿದ್ದು, ಅಡ್ಮಿನಿಸ್ಟ್ರೇಟರ್‌ಗೂ ಸಾಮಾನ್ಯವಾಗಿ ಅವುಗಳನ್ನು ಓದುವ ಮತ್ತು ನಡೆಸುವ ಅನುಮತಿಯಷ್ಟೇ ಇರುತ್ತದೆ. ಈ ಕಟ್ಟನ್ನು ಸಡಿಲಿಸಿದರೆ, ಗುಮಾಸ್ತರ ಲಾಗಿನ್ ಮೂಲಕ ನುಸುಳಿದ ವೈರಸ್ಸು ಕೂಡ ಮೂಲ ಕಡತಗಳನ್ನು ಬದಲಿಸಬಲ್ಲದು.

ಮೂಲ ತೊಂದರೆಗೆ ಕಾರಣ ಬೇರೆಯೇ ಇದೆ. ಹಳೆಯ ತಂತ್ರಾಂಶಗಳು ಲೆಕ್ಕದ ಕಡತಗಳನ್ನು ‘ಪ್ರೋಗ್ರಾಂ ಫೈಲ್ಸ್’ ಒಳಗೇ ಬರೆಯುತ್ತವೆ. ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಬರೆಯುವ ಅನುಮತಿಯಿಲ್ಲ. ಕೆಲವೊಮ್ಮೆ ವಿಂಡೋಸ್ ಸದ್ದಿಲ್ಲದೆ ಆ ಬರವಣಿಗೆಯನ್ನು ಬಳಕೆದಾರರ ಸ್ವಂತ ‘ವರ್ಚುವಲ್‌ಸ್ಟೋರ್’ ಫೋಲ್ಡರಿಗೆ ತಿರುಗಿಸುತ್ತದೆ. ಆಗ ಒಬ್ಬ ಗುಮಾಸ್ತರು ದಾಖಲಿಸಿದ ಬಿಲ್ಲು ಇನ್ನೊಬ್ಬರ ಲಾಗಿನ್‌ನಲ್ಲಿ ಕಾಣುವುದೇ ಇಲ್ಲ! ದಾಸ್ತಾನು ತಾಳೆಯಾಗದೆ ಸಿಬ್ಬಂದಿಯ ಮೇಲೆ ಸಂಶಯ ಪಡುವ ಮುನ್ನ ಆ ಫೋಲ್ಡರನ್ನೊಮ್ಮೆ ಪರಿಶೀಲಿಸುವುದು ಒಳಿತು.

ತಂತ್ರಾಂಶವು ಅವಕಾಶ ನೀಡಿದರೆ ದತ್ತಾಂಶವನ್ನು ಡಿ ಡ್ರೈವ್‌ನ ಪ್ರತ್ಯೇಕ ಫೋಲ್ಡರಿಗೆ ವರ್ಗಾಯಿಸಿ, ಲೆಕ್ಕಪತ್ರ ಸಿಬ್ಬಂದಿಯ ಗುಂಪಿಗೆ ಮಾತ್ರ ‘ಮಾಡಿಫೈ’ ಅನುಮತಿ ಕೊಡಿಸತಕ್ಕದ್ದು. ಬದಲಾವಣೆಗೆ ಮೊದಲು ದತ್ತಾಂಶದ ಬ್ಯಾಕಪ್ ತೆಗೆದು, ಹಳೆಯ ಅನುಮತಿ ಪಟ್ಟಿಯನ್ನು ‘ಐಕ್ಯಾಕಲ್ಸ್’ ಆದೇಶದಿಂದ ಉಳಿಸಿಕೊಳ್ಳಬೇಕು.

ಕಂಪನಿಗಳಿಗೆ ಇದರಲ್ಲಿ ಕಾನೂನಿನ ಅಂಶವೂ ಅಡಗಿದೆ. ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲಿಸಬೇಕು, ಆ ದಾಖಲೆ ನಿಷ್ಕ್ರಿಯಗೊಳಿಸಲಾಗದಂತಿರಬೇಕು ಎಂಬ ನಿಯಮ 1-4-2023ರಿಂದ ಜಾರಿಯಲ್ಲಿದ್ದು, ಲೆಕ್ಕಪರಿಶೋಧಕರು ಅದರ ಬಗ್ಗೆ ವರದಿ ಮಾಡಬೇಕಾಗುತ್ತದೆ. ಯಾರು ಬೇಕಾದರೂ ದತ್ತಾಂಶದ ಕಡತವನ್ನೇ ಅಳಿಸಬಹುದಾದ, ಅದರ ಜಾಗದಲ್ಲಿ ಹಳೆಯ ಪ್ರತಿಯನ್ನು ಇಡಬಹುದಾದ ಯಂತ್ರದಲ್ಲಿ ಅಂತಹ ದಾಖಲೆಯನ್ನು ನಂಬುವುದು ಕಷ್ಟ.

ಈಗಾಗಲೇ ಇಡೀ ಸಿ ಡ್ರೈವ್‌ನ ಅನುಮತಿ ಬದಲಾಗಿದ್ದಲ್ಲಿ, ಒಂದೊಂದಾಗಿ ಸರಿಪಡಿಸುವುದಕ್ಕಿಂತ ಬ್ಯಾಕಪ್ ತೆಗೆದು ವಿಂಡೋಸನ್ನು ಹೊಸದಾಗಿ ಅಳವಡಿಸುವುದೇ ಖರ್ಚಿನಲ್ಲೂ ಮೇಲು.