ಒಡೆದ ಭರಣಿ ಮತ್ತು ಉಮಿಯ ಬೂದಿ

ನಮ್ಮ ಮನೆಯಲ್ಲೊಂದು ಉಪ್ಪಿನಕಾಯಿ ಭರಣಿ. ಮೇಲರ್ಧ ಕಂದು, ಕೆಳಗೆ ಬಿಳಿ. ನನ್ನ ಹೆಂಡತಿ ಮದುವೆಯಾಗಿ ಬಸ್ರೂರಿಗೆ ಬರುವಾಗ ತವರಿನಿಂದ ತಂದದ್ದು. ಅವಳು ತೀರಿಕೊಂಡ ಮೇಲೆ ಅದರಲ್ಲಿ ಯಾರೂ ಮಿಡಿ ಹಾಕಿರಲಿಲ್ಲ. ಆದರೂ ಅಟ್ಟಕ್ಕೆ ಏರಿಸಲು ನನಗೆ ಮನಸ್ಸು ಬಂದಿರಲಿಲ್ಲ. ಕಳೆದ ಬೇಸಗೆ ರಜೆಯಲ್ಲಿ ಮೊಮ್ಮಗನ ಚೆಂಡು ತಾಗಿ ಅದು ಎರಡು ಹೋಳಾಯಿತು. ಏಳನೇ ಕ್ಲಾಸಿನ ಹುಡುಗ, ಮಧ್ಯಾಹ್ನ ಊಟಕ್ಕೇ ಬರಲಿಲ್ಲ.

"ಮರ್ಕ್‌ಬೇಡ ಮಾಣಿ, ಅಂಟ್ಸುವ" ಎಂದೆ.

ನನ್ನ ಅಜ್ಜಿಯಾಗಿದ್ದರೆ ಹಲಸಿನ ಮೇಣ ಹುಡುಕುತ್ತಿದ್ದರು. ನಾನು ಪೇಟೆಯಿಂದ ಎರಡು ಟ್ಯೂಬಿನ ಎಪಾಕ್ಸಿ ಅಂಟು ತಂದೆ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. ಎರಡೂ ಸೇರಿದರೆ ಒಂದರ ಅಣು ಇನ್ನೊಂದರ ಕೈಹಿಡಿದು ಬಲೆಯಂತೆ ಹೆಣೆದುಕೊಳ್ಳುತ್ತವೆ. ಬೇಗ ಗಟ್ಟಿಯಾಗಲಿ ಎಂದು ನಾನು ಎರಡನೆಯದನ್ನು ತುಸು ಹೆಚ್ಚೇ ಹಿಂಡಿದೆ. ಮರುದಿನ ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ವಾರದೊಳಗೆ ಭರಣಿ ಮತ್ತೆ ಎರಡಾಯಿತು. 36 ವರ್ಷ ಬ್ಯಾಂಕಿನಲ್ಲಿ ಜಮೆ-ಖರ್ಚು ತಾಳೆ ನೋಡಿದವನಿಗೆ ಎರಡು ಟ್ಯೂಬು ತಾಳೆಯಾಗಲಿಲ್ಲ! ಹೆಚ್ಚಾದದ್ದಕ್ಕೆ ಜೋಡಿ ಸಿಗದೆ ಹಾಗೇ ಉಳಿದಿತ್ತು.

ಎರಡನೇ ಸಲ ಅಳೆದು ಕಲಸುವಾಗ ಮಾಣಿ ಕೇಳಿದ: "ಅಜ್ಜಯ್ಯ, ಎಂತಾದ್ರೂ ಪುಡಿ ಹಾಕ್ರೆ ಇನ್ನೂ ಗಟ್ಟಿ ಆತ್ತಾ?"

ನಾನು ಬಿ.ಕಾಂ. ಓದಿದವ. ಉತ್ತರಕ್ಕಾಗಿ ಪುಸ್ತಕ ಹುಡುಕಬೇಕಾಯಿತು. ಆದರೆ ಪ್ರಶ್ನೆ ಹೊಸತಲ್ಲ. ಮರದ ರಾಳ, ಎಣ್ಣೆ, ಸುಣ್ಣದ ಪುಡಿ ಕಲಸಿ ಹಡಗಿಗೆ ಬಳಿಯುವುದು ಪಶ್ಚಿಮ ಕರಾವಳಿಯ ಹಳೆಯ ಪದ್ಧತಿ. 1665ರಲ್ಲಿ ಶಿವಾಜಿ ನೌಕೆಗಳನ್ನು ತಂದು ದಾಳಿ ಮಾಡಿದ ಬಂದರು ನಮ್ಮ ಬಸ್ರೂರು!

ಗಟ್ಟಿಯಾದ ಎಪಾಕ್ಸಿಗೆ ಬಲವಿದೆ, ಆದರೆ ಬಿರುಕೊಂದು ಶುರುವಾದರೆ ಗಾಜಿನಂತೆ ಸೀದಾ ಓಡುತ್ತದೆ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ರೆಕ್ಕೆಯಲ್ಲಿ ಇಂಗಾಲದ ನಾರಿನ ಪದರಗಳನ್ನು ಇಂಥ ರಾಳವೇ ಹಿಡಿದಿರುತ್ತದೆ. ಪದರಗಳ ನಡುವೆ ಬಿರುಕು ಓಡಿದರೆ ಕಷ್ಟ. ಅದಕ್ಕೇ ವಿಜ್ಞಾನಿಗಳು ರಾಳಕ್ಕೆ ನ್ಯಾನೊ ಗಾತ್ರದ ಕಣ ಬೆರೆಸಿ ನೋಡುತ್ತಾರೆ. ಒಂದು ಮೀಟರನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೊಮೀಟರ್. ಕಣ ಅಡ್ಡ ಬಂದಲ್ಲಿ ಬಿರುಕು ಸುತ್ತಿ ಹೋಗಬೇಕು. ಕಣದ ಸುತ್ತ ರಾಳ ಬಿಟ್ಟುಕೊಂಡು ಎಳೆದುಕೊಳ್ಳುವಾಗಲೂ ಬಿರುಕಿನ ಕಸುವು ಖರ್ಚಾಗುತ್ತದೆ.

ಅಷ್ಟು ಸಣ್ಣದೇ ಯಾಕೆ? ಮಕ್ಕಳೇ, ಪೆನ್ಸಿಲ್ ಹಿಡಿಯಿರಿ. ಒಂದು ಸೆಂ.ಮೀ. ಘನದ ಮೈ 6 ಚದರ ಸೆಂ.ಮೀ. ಅದನ್ನೇ 10 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ 600 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 15 ಸೆಂಟ್ಸ್ ಜಾಗ! ರಾಳಕ್ಕೆ ಹಿಡಿದುಕೊಳ್ಳಲು ಅಷ್ಟು ಜಾಗ ಸಿಕ್ಕಿತು. ಹಾಗೆಂದು ಸುರಿಯುವಂತಿಲ್ಲ. ಬಿಸಿನೀರಿಗೆ ಹಿಟ್ಟು ಹಾಕಿದಂತೆ ಕಣಗಳು ಗಂಟು ಕಟ್ಟುತ್ತವೆ. ಗಂಟಿದ್ದಲ್ಲೇ ಹೊಸ ಬಿರುಕು. ಈ ಕೆಲಸದಲ್ಲಿ ಕಷ್ಟದ ಭಾಗ ಕಲಸುವುದೇ. ಕಿವಿಗೆ ಕೇಳದ ಶಬ್ದದ ಅಲೆಗಳಿಂದಲೂ ಗಂಟು ಬಿಡಿಸುತ್ತಾರಂತೆ.

ಹೀಗೆ ಬೆರೆಸುವ ಕಣಗಳಲ್ಲಿ ಸಿಲಿಕ ಮುಖ್ಯವಾದದ್ದು. ಅದನ್ನು ಭತ್ತದ ಉಮಿಯಿಂದಲೂ ತೆಗೆಯುತ್ತಾರೆ. 100 ಕೆ.ಜಿ. ಉಮಿ ಸುಟ್ಟರೆ ಸುಮಾರು 20 ಕೆ.ಜಿ. ಬೂದಿ, ಅದರಲ್ಲಿ ಬಹುಪಾಲು ಸಿಲಿಕ. ನಾವು ಚಿಕ್ಕಂದಿನಲ್ಲಿ ಉಮಿಕರಿಯಲ್ಲಿ ಹಲ್ಲುಜ್ಜಿದವರು, ಅಜ್ಜ-ಅಜ್ಜಿಯರಿಗೆ ಆ ತರಿತರಿ ನೆನಪಿರಬಹುದು. ಅದು ಇದೇ.

ಮಾಣಿ ಒಲೆಯ ಬೂದಿ ತರಲು ಹೊರಟಿದ್ದ. ತಡೆದೆ. ಮನೆಯ ಬೂದಿ ನ್ಯಾನೊ ಅಲ್ಲ, ನ್ಯಾನೊ ಪುಡಿ ಉಸಿರಿಗೆ ಹೋಗುವುದೂ ಒಳ್ಳೆಯದಲ್ಲ. ಅಂಟು ಕೈಗೆ ತಾಗಿದರೂ ಕೆಲವರಿಗೆ ತುರಿಕೆ ಬರುತ್ತದೆ. ಕೈಗವಸು ಹಾಕಿ, ದೊಡ್ಡವರು ಜೊತೆಗಿರಲಿ.

ಪುಡಿ ಹಾಕದೆ, ಸಮ ಅಳತೆಯಲ್ಲಿ ಕಲಸಿ, ದಾರ ಸುತ್ತಿ ಎರಡು ದಿನ ಮುಟ್ಟದೆ ಇಟ್ಟೆವು. ಭರಣಿ ನಿಂತಿದೆ. ಅಂಗಡಿಯ ಅಂಟು ತಿನ್ನುವ ವಸ್ತುವಿಗೆ ತಾಗಬಾರದೆಂದು ಉಪ್ಪಿನಕಾಯಿ ಹಾಕುವುದಿಲ್ಲ. ಈಗ ಅದರಲ್ಲಿ ಮಾಣಿಯ ಗೋಲಿಗಳಿವೆ. ಚೆಂಡನ್ನು ಅವನೇ ಅಟ್ಟಕ್ಕೆ ಹಾಕಿದ್ದಾನೆ.