ಸ್ವಲೀನತೆ ಎಂದರೇನು? ನೆರವು ಎಲ್ಲಿದೆ?

ಮಗುವಿಗೆ ಕಿವಿ ಕೇಳಿಸುವಂತೆಯೇ ತೋರುತ್ತದೆ. ಒಳಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಓಡಿಬರುತ್ತದೆ. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಆಟದ ಕಾರನ್ನು ಓಡಿಸುವುದಕ್ಕೆ ಬದಲಾಗಿ ಅದನ್ನು ಮಗುಚಿಹಾಕಿ ಚಕ್ರವನ್ನಷ್ಟೇ ತಿರುಗಿಸುತ್ತ ಕುಳಿತಿರುತ್ತದೆ. ಬೇಕಾದ ವಸ್ತುವನ್ನು ಬೆರಳಿನಿಂದ ತೋರಿಸದೆ ತಾಯಿಯ ಕೈ ಹಿಡಿದು ಅದರ ಬಳಿಗೆ ಎಳೆದೊಯ್ಯುತ್ತದೆ. ಎರಡು ವರ್ಷ ತುಂಬಿದರೂ ಎರಡು ಪದಗಳನ್ನು ಕೂಡಿಸಿ ಆಡುವುದಿಲ್ಲ. "ಗಂಡುಮಕ್ಕಳಿಗೆ ಮಾತು ತಡ, ಕಾಯಿರಿ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಇಂಥ ಲಕ್ಷಣಗಳು ಹಲವು ಒಟ್ಟಿಗೆ ಕಂಡಾಗ ಕಾಯುವುದು ತರವಲ್ಲ. ವೈದ್ಯರು ಆಟಿಸಂ ಎಂದೂ ಕನ್ನಡದಲ್ಲಿ ನಾವು ಸ್ವಲೀನತೆ ಎಂದೂ ಕರೆಯುವ ಸ್ಥಿತಿಯ ಚಿಹ್ನೆಗಳು ಇವು ಆಗಿರಬಹುದು.

ಗ್ರೀಕ್ ಭಾಷೆಯಲ್ಲಿ 'ಆಟೋಸ್' ಎಂದರೆ 'ತಾನು'. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಿಂದ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಬಳಿಕ ಈ ಹೆಸರು ಪ್ರಚಾರಕ್ಕೆ ಬಂದಿತು. ಇದು ರೋಗವಲ್ಲ, ಅಂಟುವಂಥದೂ ಅಲ್ಲ. ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಒಂದು ಭಿನ್ನತೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರು ಸ್ವಲೀನರಾಗಿದ್ದರು.

ತಾಯಿಯ ತಪ್ಪೆ?

ಬಹುಕಾಲ ಇದಕ್ಕೆ ತಾಯಿಯ ಪ್ರೀತಿಯ ಕೊರತೆಯೇ ಕಾರಣವೆಂಬ ನಂಬಿಕೆ ಪಾಶ್ಚಾತ್ಯ ವೈದ್ಯರಲ್ಲಿಯೇ ಇದ್ದಿತು. ಇದನ್ನು ಪರೀಕ್ಷಿಸುವುದು ಹೇಗೆ? ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ಒಂದು ಕಾರಣದ ಪ್ರಭಾವವನ್ನು ಅರಿಯಬೇಕಾದರೆ ಉಳಿದುವನ್ನು ಸ್ಥಿರವಾಗಿರಿಸಿ ಅದೊಂದನ್ನು ಮಾತ್ರ ಬದಲಿಸುತ್ತೇವೆ. ಮಕ್ಕಳ ಮೇಲೆ ಹಾಗೆ ಪ್ರಯೋಗ ಮಾಡಲಾಗದು. ಆದರೆ ಅವಳಿ ಮಕ್ಕಳಲ್ಲಿ ಪ್ರಕೃತಿಯೇ ಅಂಥದೊಂದು ಪ್ರಯೋಗವನ್ನು ನಡೆಸಿಟ್ಟಿದೆ. ಏಕರೂಪಿ ಅವಳಿಗಳ ಆನುವಂಶಿಕ ದ್ರವ್ಯ ಒಂದೇ. ಭಿನ್ನರೂಪಿ ಅವಳಿಗಳದು ಸಾಮಾನ್ಯ ಒಡಹುಟ್ಟಿದವರಷ್ಟೇ ಹೋಲುತ್ತದೆ. ಇಬ್ಬಗೆಯವರಿಗೂ ಮನೆ ಒಂದೇ, ತಾಯಿ ಒಬ್ಬಳೇ.

ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟ್ಟರ್ 1977ರಲ್ಲಿ ಒಬ್ಬರಾದರೂ ಸ್ವಲೀನರಾಗಿದ್ದ ಇಂಥ 21 ಜೋಡಿಗಳ ಅಧ್ಯಯನವನ್ನು ಪ್ರಕಟಿಸಿದರು. 11 ಏಕರೂಪಿ ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರೂ ಸ್ವಲೀನರು. 10 ಭಿನ್ನರೂಪಿ ಜೋಡಿಗಳಲ್ಲಿ ಅಂಥದು ಒಂದೂ ಇಲ್ಲ. ತಾಯಿಯ ಸ್ವಭಾವವೇ ಕಾರಣವಾಗಿದ್ದರೆ ಈ ಅಂತರ ಇರಲು ಕಾರಣವಿಲ್ಲ. ಜೋಡಿಗಳ ಸಂಖ್ಯೆ ಚಿಕ್ಕದಾದರೂ ಅನಂತರದ ದೊಡ್ಡ ಅಧ್ಯಯನಗಳು ಆನುವಂಶಿಕತೆಯ ಪಾತ್ರವನ್ನು ದೃಢಪಡಿಸಿದುವು. ಏಕರೂಪಿಗಳೆಲ್ಲರಲ್ಲಿಯೂ ಹೊಂದಿಕೆ ಕಾಣದುದರಿಂದ ಅದೊಂದೇ ಕಾರಣವಲ್ಲವೆಂಬುದೂ ತಿಳಿಯುತ್ತದೆ. ಲಸಿಕೆಯ ಮೇಲಿನ ಆರೋಪವೂ ನಿಲ್ಲಲಿಲ್ಲ. 1998ರಲ್ಲಿ ಅದನ್ನು ಹುಟ್ಟುಹಾಕಿದ ಲೇಖನವನ್ನು ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕಿನ 6,57,461 ಮಕ್ಕಳ ಅಧ್ಯಯನದಲ್ಲಿ ದಡಾರದ ಲಸಿಕೆಗೂ ಸ್ವಲೀನತೆಗೂ ಸಂಬಂಧ ಕಾಣಲಿಲ್ಲ.

ಅಳೆಯುವ ಬಗೆ

ರಕ್ತಪರೀಕ್ಷೆಯಿಂದಾಗಲಿ ಮಿದುಳಿನ ಚಿತ್ರದಿಂದಾಗಲಿ ಸ್ವಲೀನತೆಯನ್ನು ನಿರ್ಣಯಿಸಲಾಗದು. ವರ್ತನೆಯನ್ನು ನೋಡಿಯೇ ತಿಳಿಯಬೇಕು. ಮೊದಲು ಶ್ರವಣಪರೀಕ್ಷೆ ನಡೆಸಿ ಕಿವಿಯ ದೋಷವಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ನಮ್ಮ ದೇಶಕ್ಕೆಂದೇ ರಚಿತವಾದ ಐ.ಎಸ್.ಎ.ಎ. ಎಂಬ ಮಾಪಕದಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಆದುದರಿಂದ ಮೊತ್ತ 40ಕ್ಕಿಂತ ಕಡಮೆಯಾಗದು, 200ನ್ನು ಮೀರದು. 70ಕ್ಕೆ ಕೆಳಗಿದ್ದರೆ ಸ್ವಲೀನತೆಯಿಲ್ಲ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ.

ನೆರವಿನ ದಾರಿ

ಸ್ವಲೀನತೆಯನ್ನು ಅಳಿಸುವ ಔಷಧವಿಲ್ಲ; ಹಾಗೆಂದು ಮಾರುವವರನ್ನು ನಂಬಬಾರದು. ವಾಕ್‌ಚಿಕಿತ್ಸೆ, ದಿನನಿತ್ಯದ ಕೆಲಸಗಳನ್ನು ಕಲಿಸುವ ಔದ್ಯೋಗಿಕ ಚಿಕಿತ್ಸೆ, ವಿಶೇಷ ಶಿಕ್ಷಣ, ಹೆತ್ತವರಿಗೆ ತರಬೇತಿ—ಇವೇ ಸಾಧನಗಳು. ಎಳೆಯ ಮಿದುಳು ಬೇಗ ಕಲಿಯುವುದರಿಂದ ಇವನ್ನು ಬೇಗ ತೊಡಗಿಸುವುದು ಲೇಸು.

ಉಡುಪಿ ಜಿಲ್ಲೆಯ ಒಂದು ಕುಟುಂಬ ಎಲ್ಲಿಂದ ಆರಂಭಿಸಬೇಕು? ಕಾಪು ಅಥವಾ ಕಾರ್ಕಳದ ಹಳ್ಳಿಯಲ್ಲಿದ್ದರೆ ಅಂಗನವಾಡಿಯೇ ಮೊದಲ ಮೆಟ್ಟಿಲು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ ಅಗತ್ಯವಿದ್ದವರನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತವೆ. ಮಣಿಪಾಲದಲ್ಲಿ 1953ರಲ್ಲಿ ಸ್ಥಾಪಿತವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸುಪಾಸಿನಲ್ಲಿಯೇ ಮಕ್ಕಳ ವೈದ್ಯರೂ ವಾಕ್ ಮತ್ತು ಶ್ರವಣ ತಜ್ಞರೂ ಮನಶ್ಶಾಸ್ತ್ರಜ್ಞರೂ ದೊರೆಯುವುದು ಈ ಜಿಲ್ಲೆಯ ಭಾಗ್ಯ. ಉಡುಪಿಯ ಆಶಾನಿಲಯ, ಕಾರ್ಕಳದ ವಿಜೇತ ಮೊದಲಾದ ವಿಶೇಷ ಶಾಲೆಗಳು ಬೌದ್ಧಿಕ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ದುಡಿಯುತ್ತಿವೆ. ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪ್ರಮಾಣಪತ್ರ ಹಾಗೂ ಸೌಲಭ್ಯಗಳ ಅರ್ಜಿಗೆ ನೆರವಾಗುತ್ತಾರೆ.

ಕರಾವಳಿಯ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಮನೆಯಲ್ಲಿ ತುಳು ಅಥವಾ ಕೊಂಕಣಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇದರಿಂದಲೇ ಮಗುವಿನ ಮಾತು ಕೆಟ್ಟಿತೆ? ಎರಡು ಭಾಷೆ ಕೇಳಿ ಬೆಳೆದ ಸ್ವಲೀನ ಮಕ್ಕಳು ಆ ಕಾರಣದಿಂದ ನುಡಿಯಲ್ಲಿ ಹಿಂದೆ ಬಿದ್ದರೆಂದು ಅಧ್ಯಯನಗಳು ತೋರಿಸಿಲ್ಲ. ತಾಯಿಗೆ ಸಹಜವಾದ ಮಾತನ್ನು ಬಿಡಿಸುವುದರಿಂದ ಮಗು ಕೇಳುವ ಮಾತೇ ಕಡಮೆಯಾದೀತು.

ಹಕ್ಕಿನ ಮಾತು

1995ರ ಅಂಗವಿಕಲರ ಕಾಯಿದೆಯಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. ಹೆತ್ತವರ ಸಂಘಟನೆಗಳ ಒತ್ತಾಯ ವ್ಯರ್ಥವಾಗಲಿಲ್ಲ: 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯೂ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಅದನ್ನು ಅಂಗೀಕರಿಸಿದುವು. ಶೇಕಡಾ 40ಕ್ಕೆ ಕಡಮೆಯಿಲ್ಲದ ನ್ಯೂನತೆ ಪ್ರಮಾಣಿತವಾದ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಹಕ್ಕು, ದಯೆಯಲ್ಲ. ನ್ಯಾಸದ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗಿನ ಆರೋಗ್ಯವಿಮೆಯುಂಟು. "ನಮ್ಮ ನಂತರ ಇವನಿಗೆ ಯಾರು?" ಎಂಬುದೇ ಹೆತ್ತವರ ನಿದ್ದೆಗೆಡಿಸುವ ಪ್ರಶ್ನೆ. ಹದಿನೆಂಟು ತುಂಬಿದ ಬಳಿಕ ಅಗತ್ಯವಿದ್ದವರಿಗೆ ಪೋಷಕರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗಿದೆ.

ವಿದ್ಯಾರ್ಥಿಗಳು ಮಾಡಬಹುದಾದುದೂ ಉಂಟು. ಕೆಲವು ಸ್ವಲೀನರಿಗೆ ಸದ್ದು, ಬೆಳಕು, ಸ್ಪರ್ಶಗಳು ಅಸಹ್ಯವಾಗಿ ತೀಕ್ಷ್ಣವಾಗಿ ತೋರುತ್ತವೆ. ಯಕ್ಷಗಾನದ ಚೆಂಡೆಗೆ ನಾವು ತಲೆದೂಗುತ್ತಿರುವಾಗ ಪಕ್ಕದ ಬಾಲಕ ಕಿವಿ ಮುಚ್ಚಿ ಚೀರಿದರೆ ಅದು ಹಟವಲ್ಲ, ನೋವು. ಅವನನ್ನು ಸದ್ದಿಲ್ಲದೆಡೆಗೆ ಕರೆದೊಯ್ಯಲು ದಾರಿ ಬಿಡುವುದು, ತಾಯಿಯನ್ನು ದುರುಗುಟ್ಟಿ ನೋಡದಿರುವುದು, ತರಗತಿಯಲ್ಲಿ ಅವನ ಪಕ್ಕ ಕುಳಿತು ಚಿಕ್ಕ, ನೇರ ವಾಕ್ಯಗಳಲ್ಲಿ ಮಾತನಾಡಿಸಿ ಉತ್ತರಕ್ಕೆ ತಾಳ್ಮೆಯಿಂದ ಕಾಯುವುದು—ಇಷ್ಟಕ್ಕೆ ಯಾವ ಪದವಿಯೂ ಬೇಕಿಲ್ಲ.