ಬಿಸಿಲಾಗ ತಂದ ಆಡು ಮೂರು ದಿನ ಯಾಕ ಮೇವು ಮುಟ್ಟಲಿಲ್ಲ?

ಹೋದ ವರ್ಷ ಮೇ ತಿಂಗಳಲ್ಲಿ ಸಂತೆಯಿಂದ ಎಂಟು ಉಸ್ಮಾನಾಬಾದಿ ಆಡು ತಂದೆ. ಮಟಮಟ ಮಧ್ಯಾಹ್ನ, ಪಿಕಪ್ ಗಾಡಿ, ಮೇಲೆ ತಾಡಪತ್ರಿ ಇಲ್ಲ, ಕಾಲು ಕಟ್ಟಿ ಒತ್ತೊತ್ತಿ ತುಂಬಿದ್ದೆ. ಮೋರಟಗಿಗೆ ಬಂದು ಇಳಿಸಿ ಕಾಲು ಬಿಚ್ಚಿದಾಗ ಎಲ್ಲಾ ಎದ್ದು ನಿಂತವು. ಪಾರಾದೆ ಅಂದ್ಕೊಂಡು ಅವತ್ತೇ ಜಂತಿನ ಔಷಧ ಕುಡಿಸಿ, ಲಸಿಕೆನೂ ಹಾಕಿಸಿದೆ. ಮೂರು ದಿನ ಮೇವು ಸರಿಯಾಗಿ ಮುಟ್ಟಲಿಲ್ಲ. ಐದನೇ ದಿನ ಒಂದು ಗಬ್ಬದ ಆಡು ಕಂದು ಹಾಕಿತು. ನಾನು ಓದಿದ್ದು ತೋಟಗಾರಿಕೆ, ಆಡಿನ ತಲೆಯೊಳಗ ಏನು ನಡೀತದ ಅಂತ ಆಮೇಲೆ ಓದಿ ತಿಳ್ಕೊಂಡೆ.

ಜೀನ್ ಅಂದ್ರ ಬಿಟಿ ಹತ್ತಿ ನೆನಪಾಗ್ತದ, ಹೌದಲ್ರಿ? ಆಡಿನ ಹೆಚ್ಚುಕಡಿಮೆ ಎಲ್ಲಾ ಜೀವಕೋಶದಾಗೂ ಅವೇ ಜೀನ್‌ಗಳು ಇರ್ತಾವ. ಆದ್ರ ಎಲ್ಲವೂ ಒಮ್ಮೆಗೇ ಕೆಲಸ ಮಾಡಲ್ಲ. ಬೋರಿನ ಸ್ಟಾರ್ಟರ್ ಇದ್ದಂಗ, ಯಾವುದು ಯಾವಾಗ ಚಾಲೂ ಆಗಬೇಕು ಅನ್ನೋದು ಪರಿಸ್ಥಿತಿ ಮೇಲೆ. ಬಿಸಿಲು, ನೋವು, ಕಟ್ಟಿಹಾಕೋದು, ಗಾಡಿ ಕುಲುಕಾಟ, ಇವು ಮೆದುಳಿಗೆ ಮುಟ್ಟಿದ ಕೂಡಲೇ ಅಲ್ಲಿ ಕೆಲವು ಜೀನ್ ಚಾಲೂ ಆಗ್ತಾವ. ಸಿ-ಫಾಸ್ ಅನ್ನೋ ಜೀನ್ ಅರ್ಧ ತಾಸಿನೊಳಗೇ ಎದ್ದು ಕೂರ್ತದ. ಹೈಪೋಥಲಾಮಸ್ ಅನ್ನೋ ಭಾಗದಲ್ಲಿ ಸಿಆರ್‌ಎಚ್ ಹಾರ್ಮೋನಿನ ಜೀನ್ ಹೆಚ್ಚು ಕೆಲಸ ಮಾಡ್ತದ. ಆ ಸಂದೇಶ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಗೆ ಹೋಗಿ ಕಾರ್ಟಿಸೋಲ್ ಸುರೀತದ. ಮಜಾ ಅಂದ್ರ, ಈ ಕಾರ್ಟಿಸೋಲ್ ತಿರುಗಿ ಮೆದುಳಿಗೇ ಬಂದು ಜೀವಕೋಶದೊಳಗ ಹೊಕ್ಕು ಮತ್ತಷ್ಟು ಜೀನ್‌ಗಳನ್ನ ಏರಿಸ್ತದ, ಇಳಿಸ್ತದ. ಗಾಡಿಯಿಂದ ಇಳಿಸಿದ್ವಿ ಅಂದ್ರ ಕೆಲಸ ಮುಗೀಲಿಲ್ಲ, ಒಳಗ ಇನ್ನೂ ನಡೀತಿರ್ತದ. ಹಸಿವು ಇಳೀತದ, ರೋಗ ತಡೆಯೋ ಶಕ್ತಿನೂ ಕುಗ್ತದ.

1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಇಲಿಗಳನ್ನ ಅಲುಗಾಡದಂಗ ಹಿಡಿದಿಟ್ಟು ನೋಡಿದ್ರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದಲ್ಲಿ, ನರಕೋಶ ಪೋಷಿಸೋ ಬಿಡಿಎನ್‌ಎಫ್ ಜೀನಿನ ಕೆಲಸ ಇಳಿದಿತ್ತು. ಇಲಿಯ ಲೆಕ್ಕ ಆಡಿಗೆ ಹಂಗಹಂಗೇ ಹಚ್ಚಬಾರದು, ಆದ್ರ ಕಾಲು ಕಟ್ಟೋ ಮುಂಚೆ ನನಗೆ ಈಗ ಅದೇ ನೆನಪಾಗ್ತದ. ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ನಮ್ಮ ಆಡುಗಳ ಮೇಲೇ ಕೆಲಸ ಮಾಡ್ಯಾರ. ಉಸ್ಮಾನಾಬಾದಿ, ಮಲಬಾರಿ, ಸೇಲಂ ಬ್ಲ್ಯಾಕ್ ಆಡುಗಳನ್ನ ಬಿಸಿಲಿಗೆ ಬಿಟ್ಟು, ಮೆದುಳಲ್ಲ, ರಕ್ತದ ಕೋಶ ನೋಡಿದ್ರು. ಶಾಖದಿಂದ ಕೋಶ ಕಾಯೋ ಎಚ್‌ಎಸ್‌ಪಿ70 ಜೀನ್ ಮೊದಲಿನ ಎರಡು ತಳಿಯಲ್ಲಿ ಏರಿತ್ತು, ಸೇಲಂ ಬ್ಲ್ಯಾಕಿನಲ್ಲಿ ಏರಲಿಲ್ಲ. ಅಂದ್ರ ಬರಗಾಲದ ತಳಿ ಅಂತ ನಾವು ಜಂಬ ಪಡೋ ಉಸ್ಮಾನಾಬಾದಿಗೂ ಬಿಸಿಲು ತಟ್ಟೇ ತಟ್ಟತದ.

ಈ ಸಲ ನಾಲ್ಕು ಆಡು ತಂದೆ. ನಸುಕಿನಾಗ ಹೊರಟು, ಮೇಲೆ ತಾಡಪತ್ರಿ, ಕೆಳಗ ಹುಲ್ಲು, ಕಾಲು ಬಿಚ್ಚಿ, ಒಂದೇ ಮನೆಯ ಆಡುಗಳನ್ನ ಜೊತೆಗಿಟ್ಟು. ಮನೆಗೆ ಬಂದ ಮೇಲೆ ನೆರಳು, ನೀರು, ಒಣ ಮೇವು ಅಷ್ಟೇ. ಔಷಧ, ಲಸಿಕೆ ಯಾವಾಗ ಅನ್ನೋದು ಡಾಕ್ಟರನ್ನ ಕೇಳಿ, ಆಡು ಚೇತರಿಸಿಕೊಂಡ ಮೇಲೆ. ಸಂಜೆಗೇ ಮೇವು ತಿಂದವು. ನಾಲ್ಕೇ ಆಡಿನ ಮಾತು ಇದು, ಪುರಾವೆ ಅನ್ನಬ್ಯಾಡ್ರಿ.

ಕಂದು ಹಾಕಿದ್ದಕ್ಕೆಲ್ಲ ಪ್ರಯಾಣವೇ ಕಾರಣ ಅಂತನೂ ತಿಳಿಬ್ಯಾಡ್ರಿ. ಬ್ರುಸೆಲ್ಲೋಸಿಸ್ ಇರಬಹುದು, ಅದು ಮನುಷ್ಯರಿಗೂ ಹತ್ತತದ, ಬರಿಗೈಲಿ ಮುಟ್ಟಬ್ಯಾಡ್ರಿ. ಆಡು ಬಾಯಿ ತೆಗೆದು ಏದುಸಿರು ಬಿಡ್ತಿದ್ರ ನೆರಳಿಗೆ ಹಾಕಿ, ಮೈಗೆ ನೀರು ಹಾಕಿ, 1962ಕ್ಕೆ ಫೋನ್ ಮಾಡ್ರಿ.